ಪಾರ್ಕಿನ್ಸನ್ ಕಾಯಿಲೆ: ಆಸ್ಪತ್ರೆಯ ಬಿಲ್ಲಿಲ್ಲದ ಖರ್ಚು



ನಮ್ಮ ವೈದ್ಯಕೀಯ ನೆರವು ನಿಧಿಯ ಅರ್ಜಿ ನಮೂನೆಯಲ್ಲಿ ‘ಆಸ್ಪತ್ರೆ ಕೊಟ್ಟಿರುವ ಅಂದಾಜು ವೆಚ್ಚ’ ಎಂಬ ಒಂದು ಕಲಂ ಇದೆ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಮೊಣಕಾಲು ಬದಲಿ, ಯಾವುದೇ ಇರಲಿ, ಆ ಕಲಮಿನಲ್ಲಿ ಒಂದು ಮೊತ್ತ ಇರುತ್ತದೆ. ಅದನ್ನು ನೋಡಿ ಉಪಸಮಿತಿ ತೀರ್ಮಾನ ಮಾಡುತ್ತದೆ, ಚೆಕ್ಕು ಆಸ್ಪತ್ರೆಯ ಹೆಸರಿಗೆ ಹೋಗುತ್ತದೆ. ಕಳೆದ ವರ್ಷ ಬಂದ ಅರ್ಜಿಗಳಲ್ಲಿ ಮೂರರಲ್ಲಿ ಆ ಕಲಂ ಖಾಲಿ ಇತ್ತು. ಮೂರೂ ಪಾರ್ಕಿನ್ಸನ್ ಕಾಯಿಲೆಯವರ ಅರ್ಜಿಗಳು. ಒಬ್ಬರು ವಿಕ್ರೋಲಿಯ ಚಾಳಿನಲ್ಲಿರುವ ಮಾಜಿ ಹೋಟೆಲ್ ಕಾರ್ಮಿಕರು. ಇನ್ನೊಬ್ಬರು ಡೊಂಬಿವಲಿಯಲ್ಲಿ ಮಗನ ಜೊತೆ ಇರುವ ನಿವೃತ್ತ ಕನ್ನಡ ಶಿಕ್ಷಕಿ. ಮೂರನೆಯವರು ಮೀರಾ ರೋಡಿನ ಟೇಲರ್, ವಯಸ್ಸು ನಲವತ್ತೆಂಟು, ಇಬ್ಬರು ಮಕ್ಕಳು ಇನ್ನೂ ಓದುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಕಲಂ ಖಾಲಿ ಬಿಟ್ಟದ್ದು ಅವರ ಅಜಾಗರೂಕತೆಯಲ್ಲ. ಮಿದುಳಿಗೆ ತೆಳುವಾದ ತಂತಿ ಇಳಿಸಿ ಎದೆಯ ಚರ್ಮದಡಿ ಬ್ಯಾಟರಿ ಇಡುವ ಡಿ.ಬಿ.ಎಸ್. ಎಂಬ ಶಸ್ತ್ರಚಿಕಿತ್ಸೆಯೊಂದನ್ನು ಬಿಟ್ಟರೆ ಈ ಕಾಯಿಲೆಯಲ್ಲಿ ಆಸ್ಪತ್ರೆ ಎಸ್ಟಿಮೇಟ್ ಬರೆದುಕೊಡುವಂಥದ್ದು ಹೆಚ್ಚೇನೂ ಇಲ್ಲ. ಆ ಶಸ್ತ್ರಚಿಕಿತ್ಸೆಯೂ ಎಲ್ಲರಿಗೂ ಹೊಂದುವಂಥದ್ದಲ್ಲ, ಲಕ್ಷಗಟ್ಟಲೆ ಖರ್ಚಿನದು, ಕಾಯಿಲೆಯನ್ನು ಗುಣ ಮಾಡುವಂಥದ್ದೂ ಅಲ್ಲ. ಉಳಿದದ್ದೆಲ್ಲ ಮನೆಯಲ್ಲೇ ನಡೆಯುವ ಖರ್ಚು: ಮಾತ್ರೆ, ನೋಡಿಕೊಳ್ಳುವವರ ಪಗಾರ, ಫಿಸಿಯೋಥೆರಪಿ, ರಿಕ್ಷಾ ಬಾಡಿಗೆ, ಡಯಾಪರ್. ಮೆಡಿಕ್ಲೇಮ್ ಪಾಲಿಸಿಗಳು ಸಾಮಾನ್ಯವಾಗಿ ಆಸ್ಪತ್ರೆಗೆ ಭರ್ತಿಯಾದರೆ ಮಾತ್ರ ಹಣ ಕೊಡುತ್ತವೆ. ದಿನಾ ನುಂಗುವ ಮಾತ್ರೆಗೆ, ಮನೆಯಲ್ಲಿ ಕೈಹಿಡಿದು ನಡೆಸುವವರಿಗೆ ಕೊಡುವುದಿಲ್ಲ. ಹೀಗಾಗಿ ವಿಮೆಯ ಲೆಕ್ಕಕ್ಕೂ ಬರದೆ, ನಮ್ಮ ನಿಧಿಯ ಲೆಕ್ಕಕ್ಕೂ ಬರದೆ ಇವರು ಹತ್ತು ಹದಿನೈದು ವರ್ಷ ಕಳೆಯಬೇಕಾಗುತ್ತದೆ. ಈ ಕಾಯಿಲೆಯ ಮನೆಯಲ್ಲಿ ಒಂದು ದಿನ ಹೇಗೆ ಸಾಗುತ್ತದೆ ಎಂದು ತಿಳಿದರೆ ಈ ನೆರವು ಯಾಕೆ ಬೇರೆ ಥರ ಇರಬೇಕು ಎಂಬುದು ತಾನಾಗಿ ಗೊತ್ತಾದೀತು ಎಂದು ಈ ಲೇಖನ.

ನಾನು ವೈದ್ಯನಲ್ಲ. ಬಿ.ಕಾಂ. ಓದಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆದರೆ ಠಾಣೆಯಲ್ಲಿರುವ ನನ್ನ ಭಾವನವರಿಗೆ ಹನ್ನೊಂದು ವರ್ಷದಿಂದ ಈ ಕಾಯಿಲೆ ಇದೆ. ಅವರನ್ನು ನೋಡಿಕೊಳ್ಳುತ್ತಿರುವವಳು ನನ್ನ ಅಕ್ಕ. ವಾರಕ್ಕೆ ಎರಡು ಮೂರು ಸಲ ಆ ಮನೆಗೆ ಹೋಗಿ ಬರುತ್ತೇನೆ. ಕೆಳಗೆ ಬರೆದದ್ದರಲ್ಲಿ ಹೆಚ್ಚಿನದು ಅಕ್ಕನ ಅನುಭವ. ಔಷಧಿಯ ವಿಷಯ ಮಾತ್ರ ಭಾವನವರ ನರರೋಗ ತಜ್ಞರು ಹೇಳಿದ್ದು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಈ ಕಾಯಿಲೆಯ ಬಗ್ಗೆ ಒಂದು ಪ್ರಬಂಧ ಬರೆದರು. ಹೆಸರು ಅವರದೇ ಉಳಿಯಿತು. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ. ನಮ್ಮ ಆಯುರ್ವೇದದಲ್ಲಿ ಕಂಪವಾತ ಎಂದು ಹೇಳುವುದು ಇಂಥದ್ದೇ ಲಕ್ಷಣಗಳನ್ನು. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಬರುತ್ತವೆ. ಕೈಕಾಲು ಮನಸ್ಸಿಟ್ಟು ಆಡಿಸದೆಯೇ ತಾನಾಗಿ ಆಡುವುದಕ್ಕೆ ಈ ಡೋಪಮಿನ್ ಬೇಕು. ನಡೆಯುವಾಗ ಕೈ ಬೀಸುವುದು, ಕಣ್ಣು ಮಿಟುಕಿಸುವುದು, ಉಗುಳು ನುಂಗುವುದು, ನಿದ್ದೆಯಲ್ಲಿ ಮಗ್ಗುಲು ಬದಲಿಸುವುದು, ಇವುಗಳನ್ನು ನಾವು ಯಾರೂ ಯೋಚಿಸಿ ಮಾಡುವುದಿಲ್ಲ. ಈ ಕಾಯಿಲೆಯವರು ಒಂದೊಂದನ್ನೂ ಯೋಚಿಸಿ ಮಾಡಬೇಕು. ದಿನದ ಕೊನೆಗೆ ಅವರು ಯಾಕೆ ಅಷ್ಟು ದಣಿದಿರುತ್ತಾರೆ ಎಂದು ಕೇಳುವವರಿಗೆ ಇದೇ ಉತ್ತರ.

ಕೈ ನಡುಗಿದರೆ ಪಾರ್ಕಿನ್ಸನ್ ಎಂದು ಜನ ತಿಳಿದಿದ್ದಾರೆ. ಬೇರೆ ಕಾರಣಕ್ಕೂ ಕೈ ನಡುಗುತ್ತದೆ, ಮತ್ತು ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಉಂಟು. ನಾನು ಶಾಖೆಯಲ್ಲಿದ್ದಾಗ ಒಬ್ಬ ಹಿರಿಯ ಗ್ರಾಹಕರು ಆರು ತಿಂಗಳಿಗೊಮ್ಮೆ ಬಂದು ಹೊಸ ಮಾದರಿ ಸಹಿ ಕೊಡುತ್ತಿದ್ದರು. ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಹಿ ಇರುವೆಯ ಸಾಲಿನ ಹಾಗೆ ಕಿರಿದಾಗುತ್ತಾ ಹೋಗಿತ್ತು. ಶುರುವಿನ ಅಕ್ಷರ ದೊಡ್ಡದು, ಕೊನೆಯದು ಓದಲಾರದಷ್ಟು ಸಣ್ಣದು. ಅಕ್ಷರ ಹೀಗೆ ಕುಗ್ಗುವುದು ಈ ಕಾಯಿಲೆಯ ಒಂದು ಗುರುತು ಎಂದು ಭಾವನವರ ವೈದ್ಯರು ಹೇಳಿದಾಗ ಆ ಕಾರ್ಡುಗಳು ಕಣ್ಣ ಮುಂದೆ ಬಂದವು. ಬೇರೆ ಗುರುತುಗಳೂ ಇವೆ: ಒಗ್ಗರಣೆಯ ಇಂಗಿನ ವಾಸನೆ ಗೊತ್ತಾಗದಿರುವುದು, ವರ್ಷಗಟ್ಟಲೆ ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಒದೆಯುವುದು, ಒಂದು ಕೈ ಮಾತ್ರ ಬೀಸದೆ ನಡೆಯುವುದು. ಹೆಗಲು ಹಿಡಿದುಕೊಂಡಿದೆ ಎಂದು ಮೂಳೆಯ ಡಾಕ್ಟರ ಬಳಿ ವರ್ಷ ಕಳೆದವರೂ ಇದ್ದಾರೆ. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಎರಡು ಮೂರು ಕೂಡಿದರೆ ನರರೋಗ ತಜ್ಞರಿಗೆ ತೋರಿಸಿ. ಕೆ.ಇ.ಎಂ., ನಾಯರ್, ಸಯನ್, ಜೆ.ಜೆ. ಆಸ್ಪತ್ರೆಗಳಲ್ಲಿ ಆ ವಿಭಾಗಗಳಿವೆ. ಸಾಲು ಉದ್ದ, ಆದರೆ ಜೇಬಿಗೆ ಭಾರವಲ್ಲ.

ಮುಂಬಯಿಯಲ್ಲೇ ನಡೆದ ಒಂದು ಸಮೀಕ್ಷೆಯ ಸಂಗತಿ ಹೇಳಿಬಿಡುತ್ತೇನೆ. ಇಲ್ಲಿನ ಪಾರ್ಸಿ ಕಾಲನಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಲಕ್ಷ ಮಂದಿಗೆ ಸುಮಾರು 328 ಜನರಲ್ಲಿ ಕಾಯಿಲೆ ಸಿಕ್ಕಿತು. ಆ ಕಾಲನಿಗಳಲ್ಲಿ ವಯಸ್ಸಾದವರೇ ಹೆಚ್ಚು ಎಂಬುದನ್ನು ಮರೆಯಬಾರದು. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಒಮ್ಮೆ ನೋಡಿ. ಎಪ್ಪತ್ತರ ದಶಕದಲ್ಲಿ ಊರು ಬಿಟ್ಟು ಬಂದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಈಗ ಎಪ್ಪತ್ತು ದಾಟಿದೆ. ಮಕ್ಕಳಲ್ಲಿ ಎಷ್ಟೋ ಜನ ಪುಣೆಯಲ್ಲೋ ಹೊರದೇಶದಲ್ಲೋ ಇದ್ದಾರೆ.

ಈಗ ಮಾತ್ರೆಯ ಮಾತು. ಈ ಕಾಯಿಲೆಗೆ ಮುಖ್ಯ ಔಷಧಿ ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ ಸೇರಿಸಿದ ಮಾತ್ರೆ. ಇದು ಮಿದುಳಿನೊಳಗೆ ಹೋಗಿ ಡೋಪಮಿನ್ ಆಗುತ್ತದೆ. ಮೊದಲ ಕೆಲವು ವರ್ಷ ಮಿದುಳಿನಲ್ಲಿ ಉಳಿದಿರುವ ಜೀವಕೋಶಗಳು ಇದನ್ನು ಬ್ಯಾಂಕಿನ ಹಾಗೆ ಜಮಾ ಮಾಡಿಟ್ಟುಕೊಂಡು ಬೇಕಾದಾಗ ಕೊಡುತ್ತವೆ. ಆಗ ಮಾತ್ರೆ ಅರ್ಧ ಗಂಟೆ ತಡವಾದರೂ ನಡೆಯುತ್ತದೆ, ಖಾತೆಯಲ್ಲಿ ಬ್ಯಾಲೆನ್ಸ್ ಇದೆಯಲ್ಲ. ವರ್ಷಗಳು ಕಳೆದ ಹಾಗೆ ಜಮಾ ಮಾಡುವ ಜೀವಕೋಶಗಳೂ ಕಡಿಮೆಯಾಗಿ, ಮನುಷ್ಯ ದಿನಗೂಲಿಯವನಾಗುತ್ತಾನೆ. ಒಂದು ಮಾತ್ರೆ ನುಂಗಿದರೆ ಮೂರು ನಾಲ್ಕು ಗಂಟೆಯ ಓಡಾಟ. ಅದು ಮುಗಿಯುವ ಹೊತ್ತಿಗೆ ಮುಂದಿನದು ಹೊಟ್ಟೆಯಲ್ಲಿರಬೇಕು. ಇಲ್ಲದಿದ್ದರೆ ಹನ್ನೊಂದು ಗಂಟೆಗೆ ಪತ್ರಿಕೆ ಓದುತ್ತಾ ಕುಳಿತವರು ಹನ್ನೊಂದೂವರೆಗೆ ಕುರ್ಚಿಯಿಂದ ಏಳಲಾರರು. ಹೊರಗಿನವರು ನೋಡಿ, ‘ಆಗಷ್ಟೇ ಚೆನ್ನಾಗಿದ್ದರಲ್ಲ, ಈಗ ನಾಟಕ’ ಎನ್ನುತ್ತಾರೆ. ನಾಟಕವಲ್ಲ, ಖಾತೆ ಖಾಲಿ.

ಅಕ್ಕನ ಅಡುಗೆಮನೆಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 7. ಮೊಬೈಲಿನಲ್ಲಿ ನಾಲ್ಕು ಅಲಾರಂ. ಯಾರ ಮದುವೆಗೆ ಹೋದರೂ, ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿದ್ದರೂ ಅಲಾರಂ ಹೊಡೆದರೆ ಮಾತ್ರೆ ಮೊದಲು. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಒಂದು ಲೋಟ ನೀರಿನ ಜೊತೆ. ಹಾಲು, ಬೇಳೆ, ಮೊಟ್ಟೆ, ಮೀನು, ಪನೀರಿನಲ್ಲಿರುವ ಪ್ರೋಟೀನು ಲೆವೊಡೋಪಾದ ದಾರಿಗೆ ಅಡ್ಡ ಬರುತ್ತದೆ. ಎರಡೂ ಒಂದೇ ಬಾಗಿಲಿನಿಂದ ರಕ್ತಕ್ಕೂ ಮಿದುಳಿಗೂ ಹೋಗಬೇಕು. ಹಾಗೆಂದು ಪ್ರೋಟೀನು ನಿಲ್ಲಿಸಬಾರದು, ಮೈ ಸೊರಗುತ್ತದೆ. ವೈದ್ಯರನ್ನು ಕೇಳಿ ಅಕ್ಕ ಹಗಲಿನಲ್ಲಿ ಅನ್ನ, ಗಂಜಿ, ತರಕಾರಿ, ಇಡ್ಲಿ ಕೊಟ್ಟು, ಮೀನು ಬೇಳೆ ಹೆಚ್ಚು ಇರುವ ಊಟವನ್ನು ರಾತ್ರಿಗೆ ಹಾಕಿದ್ದಾಳೆ. ಬರಿ ಹೊಟ್ಟೆಯ ಮಾತ್ರೆಯಿಂದ ವಾಕರಿಕೆ ಬಂದರೆ ಒಂದು ಬಿಸ್ಕತ್ತು. ಕಬ್ಬಿಣದ ಮಾತ್ರೆಯೂ ಇದ್ದರೆ ಅದನ್ನು ಎರಡು ಗಂಟೆ ದೂರ ಇಡಬೇಕು. ಇಷ್ಟು ಸಣ್ಣ ಬದಲಾವಣೆಯಿಂದ ಭಾವನವರ ಮಧ್ಯಾಹ್ನಗಳು ಸುಧಾರಿಸಿದವು.

ಎರಡು ಎಚ್ಚರಿಕೆಗಳು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಹಣವಿಲ್ಲವೆಂದೂ ನಿಲ್ಲಿಸಬಾರದು. ಜ್ವರ ಏರಿ, ಮೈ ಮರದಂತೆ ಬಿಗಿದು ಪ್ರಾಣಕ್ಕೆ ಅಪಾಯವಾಗಬಹುದು. ಮೀರಾ ರೋಡಿನ ಟೇಲರ್ ತಿಂಗಳ ಕೊನೆಯ ವಾರ ದಿನಕ್ಕೆ ನಾಲ್ಕರ ಬದಲು ಎರಡು ಮಾತ್ರೆ ನುಂಗುತ್ತಿದ್ದರು ಎಂದು ತಿಳಿದಾಗ ನಮ್ಮ ಉಪಸಮಿತಿಯ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡನೆಯದು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋವಿಕಾರಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಮುಂತಾದವು ಡೋಪಮಿನ್ನನ್ನೇ ತಡೆಯುತ್ತವೆ. ಹಲ್ಲಿನ ಡಾಕ್ಟರಿರಲಿ, ಗಲ್ಲಿಯ ಡಾಕ್ಟರಿರಲಿ, ಮೊದಲ ಮಾತೇ ‘ಇವರಿಗೆ ಪಾರ್ಕಿನ್ಸನ್ ಇದೆ’ ಎಂಬುದಾಗಿರಲಿ.

ಊರಿನ ಬೇಲಿಯ ಮೇಲೆ ಹಬ್ಬುವ, ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿ ನಿಮಗೆ ನೆನಪಿರಬಹುದು. ಅದರ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಅದೇ ವಸ್ತು ಈ ಕಾಯಿಲೆಯ ಮಾತ್ರೆಯಾಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಇದನ್ನು ಕೇಳಿ ಕೆಲವರು ಅಂಗಡಿಯಿಂದ ಪುಡಿ ತಂದು ಮಾತ್ರೆಯ ಜೊತೆಗೆ ಕೊಡುತ್ತಾರೆ. ಒಂದೇ ಔಷಧಿಯನ್ನು ಎರಡು ಸಲ, ಅದೂ ಅಳತೆ ಗೊತ್ತಿಲ್ಲದೆ ಕೊಟ್ಟ ಹಾಗಾಗುತ್ತದೆ. ವೈದ್ಯರಿಗೆ ಹೇಳದೆ ಬೇಡ.

ಮೂರು ವರ್ಷದ ಹಿಂದೆ ಭಾವನವರು ಡೆಂಗ್ಯೂ ಜ್ವರಕ್ಕೆ ಉಪನಗರದ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ವಾರ್ಡಿನಲ್ಲಿ ಮಾತ್ರೆಯ ಟ್ರಾಲಿ ಬರುವುದು 8, 2, 8ಕ್ಕೆ. ಎಲ್ಲ ರೋಗಿಗಳಿಗೂ ಅದೇ ಹೊತ್ತು. ಎರಡನೇ ದಿನ ಭಾವನವರು ಮಗ್ಗುಲು ಬದಲಿಸಲಾರದೆ ಬಿದ್ದುಕೊಂಡಿದ್ದರು, ಜ್ವರದ ನಿಶ್ಶಕ್ತಿ ಎಂದರು. ಅಕ್ಕ ಗೋಡೆಯ ಹಾಳೆಯನ್ನು ಮನೆಯಿಂದ ತರಿಸಿ ಮಂಚದ ತಲೆದಿಕ್ಕಿಗೆ ಅಂಟಿಸಿ, ದೊಡ್ಡ ಡಾಕ್ಟರ ರೌಂಡಿನ ಹೊತ್ತಿಗೆ ಎದ್ದು ನಿಂತು ಕೇಳಿಯೇ ಕೇಳಿದಳು. ಅವರು ಕೇಸ್ ಪೇಪರಿನ ಮೇಲೆ ಸಮಯ ಬರೆದುಕೊಟ್ಟರು. ಮೂರನೇ ದಿನ ಭಾವನವರು ಎದ್ದು ಕುಳಿತರು. ಯಾರನ್ನಾದರೂ ಭರ್ತಿ ಮಾಡುವಾಗ ಮಾತ್ರೆ ಮತ್ತು ಸಮಯದ ಪಟ್ಟಿ ಕೈಯಲ್ಲಿರಲಿ.

ಇನ್ನು ನಡಿಗೆ. ಬಾಗಿಲ ಬಳಿ, ಇಕ್ಕಟ್ಟಿನಲ್ಲಿ, ತಿರುಗುವಾಗ ಕಾಲು ನೆಲಕ್ಕೆ ಅಂಟು ಹಾಕಿದ ಹಾಗೆ ನಿಂತುಬಿಡುತ್ತದೆ. ಆಗ ಕೈಹಿಡಿದು ಎಳೆಯಬಾರದು. ಮೈ ಮುಂದೆ ಬರುತ್ತದೆ, ಕಾಲು ಬರುವುದಿಲ್ಲ, ಬೀಳುತ್ತಾರೆ. ನಿಲ್ಲಲು ಹೇಳಿ, ಉಸಿರು ಬಿಡಲಿ, ಭಾರವನ್ನು ಒಂದು ಕಾಲಿಗೆ ಹಾಕಲಿ, ‘ಒಂದು, ಎರಡು’ ಎಂದು ಎಣಿಸಿ ದೊಡ್ಡ ಹೆಜ್ಜೆ ಇಡಲಿ. ತಾನಾಗಿ ಆಡದ ಕಾಲು ಎದುರಿಗೆ ಗುರುತೊಂದು ಸಿಕ್ಕರೆ ಆಡುತ್ತದೆ. ಅಕ್ಕನ ಮನೆಯಲ್ಲಿ ಹಾಲಿನಿಂದ ಬಚ್ಚಲಿನವರೆಗೆ ಹೆಜ್ಜೆಗೊಂದರಂತೆ ಹಳದಿ ಟೇಪು ಅಡ್ಡಡ್ಡ ಅಂಟಿಸಿದ್ದಾರೆ. ಸಮ ನೆಲದಲ್ಲಿ ತಡವರಿಸುವ ಭಾವನವರು ಸ್ಟೇಷನ್ನಿನ ಸೇತುವೆಯ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದುದನ್ನು ನೋಡಿ ನಾನು ಬೆರಗಾಗಿದ್ದೆ. ಮೆಟ್ಟಿಲು ಅಂದರೂ ಅಡ್ಡಗೆರೆಗಳೇ. ತಾಳವೂ ಹಾಗೆಯೇ ಕೆಲಸ ಮಾಡುತ್ತದೆ. ಭಜನೆಯ ತಾಳಕ್ಕೆ ಭಾವನವರು ಇಡೀ ಕಾರಿಡಾರು ನಡೆಯುತ್ತಾರೆ. ನಡೆಯುವಾಗ ಅವರನ್ನು ಮಾತಾಡಿಸಬೇಡಿ, ಕೈಗೆ ನೀರಿನ ಲೋಟ ಕೊಡಬೇಡಿ. ತಿರುಗುವಾಗ ನಿಂತಲ್ಲೇ ಗಿರಕಿ ಬೇಡ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ ಬಳಸಿ ತಿರುಗಲಿ. ಮಲಗಿದಲ್ಲಿಂದ ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಎರಡು ನಿಮಿಷ ಮಂಚದ ಅಂಚಿನಲ್ಲಿ ಕುಳಿತೇ ಏಳಬೇಕು.

ಮುಂಬಯಿಯ ಮನೆಗಳು ಸಣ್ಣವು, ಸಾಮಾನು ಹೆಚ್ಚು. ಕಾಲೊರಸು, ಸಡಿಲ ವಯರು, ನಡುಹಾದಿಯ ಟೀಪಾಯಿ, ಇವನ್ನು ತೆಗೆದರೆ ಅರ್ಧ ಬೀಳುವಿಕೆ ತಪ್ಪಿತು ಎಂಬುದು ಅಕ್ಕನ ಲೆಕ್ಕ. ಬಚ್ಚಲಿನಲ್ಲಿ ಗೋಡೆಗೆ ಗಟ್ಟಿ ಹಿಡಿ, ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ. ಒಳಗಿನ ಚಿಲಕ ತೆಗೆದುಹಾಕಬೇಕು. ಕುರ್ಚಿ ಎತ್ತರವಾಗಿ, ಗಟ್ಟಿಯಾಗಿ, ಕೈಗಳಿರುವಂಥದ್ದಾಗಿರಲಿ. ಮೆತ್ತನೆಯ ಸೋಫಾದಿಂದ ಅವರು ಏಳಲಾರರು. ರಾತ್ರಿ ಮಗ್ಗುಲು ಬದಲಿಸುವುದಕ್ಕೆ ಅಕ್ಕ ತನ್ನ ಹಳೆಯ ರೇಷ್ಮೆ ಸೀರೆಯೊಂದನ್ನು ಮಡಿಸಿ ಹಾಸಿಗೆಯ ನಡುಭಾಗದಲ್ಲಿ ಅಡ್ಡಕ್ಕೆ ಹೊಲಿದಿದ್ದಾಳೆ. ಮೈ ಜಾರುತ್ತದೆ, ತಿರುಗುವುದು ಸುಲಭ. ‘ಧಾರೆಯ ಸೀರೆ ಈಗ ಉಪಯೋಗಕ್ಕೆ ಬಂತು’ ಎಂದು ನಗುತ್ತಾಳೆ. ಆದರೆ ವಿಕ್ರೋಲಿಯ ಚಾಳಿನಲ್ಲಿ ಶೌಚಾಲಯ ಸಾರ್ವಜನಿಕ, ಇಪ್ಪತ್ತು ಹೆಜ್ಜೆ ದೂರ, ಕೂರುವುದು ಕುಕ್ಕರಗಾಲಿನಲ್ಲಿ. ಆ ಮನೆಗೆ ನಾವು ಮೊದಲು ಕೊಟ್ಟದ್ದು ಒಂದು ಕಮೋಡ್ ಕುರ್ಚಿ. ಅವರು ಕೇಳಿದ್ದು ಮಾತ್ರೆಯ ಹಣವನ್ನು. ಕುರ್ಚಿಯನ್ನು ಕೇಳಲು ನಾಚಿಕೊಂಡಿದ್ದರು.

ಊಟದಲ್ಲಿ ಕೆಮ್ಮು ಬಂದರೆ ಹಗುರವಾಗಿ ತೆಗೆದುಕೊಳ್ಳಬಾರದು. ಗಂಟಲಿನ ಸ್ನಾಯುಗಳೂ ನಿಧಾನವಾಗುವುದರಿಂದ ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯವರ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಅದೇ. ನೆಟ್ಟಗೆ ಕುಳಿತು, ಗಲ್ಲ ತುಸು ಕೆಳಗೆ ಮಾಡಿ, ಸಣ್ಣ ತುತ್ತು. ನುಂಗಿದ ಮೇಲೇ ಮುಂದಿನದು. ತೆಳು ನೀರಿಗಿಂತ ಗಂಜಿಯಂಥ ಮಂದ ಪದಾರ್ಥ ಸುಲಭ. ಟಿ.ವಿ. ಆರಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗುವುದು ಬೇಡ. ಗಂಟಲಿಗೆ ಕಸರತ್ತೂ ಬೇಕು: ಭಾವನವರು ದಿನಾ ಬೆಳಿಗ್ಗೆ ‘ಕರ್ನಾಟಕ ಮಲ್ಲ’ದ ಒಂದು ಪುಟವನ್ನು ಪಕ್ಕದ ಮನೆಗೆ ಕೇಳುವ ಹಾಗೆ ಓದುತ್ತಾರೆ. ಮೊದಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅಡುಗೆಮನೆಗೆ ಆರ್ಡರು ಕೂಗುತ್ತಿದ್ದ ದನಿ ಅದು. ಈಗ ಕೂಗಿದರೂ ನಮಗೆ ಸಾಧಾರಣ ಮಾತಿನ ಹಾಗೆ ಕೇಳುತ್ತದೆ, ಆದರೆ ಕೇಳುತ್ತದೆ.

ಮುಖದ ವಿಷಯ ನಮ್ಮ ಸದಸ್ಯರೆಲ್ಲ ತಿಳಿಯಬೇಕಾದದ್ದು. ಮುಖದ ಸ್ನಾಯು ಬಿಗಿದು ನಗು, ಅಚ್ಚರಿ ಯಾವುದೂ ಕಾಣುವುದಿಲ್ಲ. ನಮ್ಮ ವಾರ್ಷಿಕೋತ್ಸವಕ್ಕೆ ಭಾವನವರನ್ನು ಕರೆತಂದಾಗ ಹಳೆಯ ಗೆಳೆಯರೊಬ್ಬರು ಮಾತಾಡಿಸಿ, ‘ನಿಮ್ಮ ಭಾವನಿಗೆ ನನ್ನ ಮೇಲೆ ಏನೋ ಸಿಟ್ಟಿದೆ’ ಎಂದು ನನ್ನ ಬಳಿ ನೊಂದುಕೊಂಡರು. ಸಿಟ್ಟಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಭಾವನವರು ಆ ಗೆಳೆಯರ ಹಳೆಯ ತಮಾಷೆಗಳನ್ನೇ ಹೇಳುತ್ತಿದ್ದರು. ಇವರ ಜೊತೆ ಮಾತಾಡುವಾಗ ಉತ್ತರಕ್ಕೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅವರ ಪರವಾಗಿ ಹೆಂಡತಿಯನ್ನು ಕೇಳಬೇಡಿ.

ಮನಸ್ಸೂ ಕಾಯಿಲೆಯ ಭಾಗವೇ. ಖಿನ್ನತೆ ಬಹಳ ಜನರಿಗೆ ಬರುತ್ತದೆ, ಔಷಧಿಯೂ ಇದೆ. ವರ್ಷಗಳು ಕಳೆದ ಮೇಲೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಡೊಂಬಿವಲಿಯ ಶಿಕ್ಷಕಿಗೆ ಸಂಜೆಯಾದರೆ ಕೋಣೆಯ ಮೂಲೆಯಲ್ಲಿ ಮಕ್ಕಳು ಕುಳಿತಿರುವ ಹಾಗೆ ಕಾಣುತ್ತಿತ್ತು. ಸೊಸೆ ವಾದ ಮಾಡದೆ ದೀಪ ಹಾಕಿ, ಅವರನ್ನು ಬೇರೆ ಕೋಣೆಗೆ ಕರೆದೊಯ್ದು, ಮರುದಿನ ವೈದ್ಯರಿಗೆ ಹೇಳಿದಳು. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಕಡಿಮೆಯಾಯಿತು. ಬ್ಯಾಂಕಿನವನಾಗಿ ನಾನು ಒತ್ತಿ ಹೇಳುವ ಇನ್ನೊಂದು ಮಾತು: ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳಿಂದ ಕೆಲವರಲ್ಲಿ ತಡೆಯಲಾಗದ ಜೂಜು, ಖರೀದಿಯ ಹುಚ್ಚು ಹುಟ್ಟುತ್ತದೆ. ಜೀವಮಾನವಿಡೀ ಲೆಕ್ಕ ಹಾಕಿ ಖರ್ಚು ಮಾಡಿದವರು ಆನ್‌ಲೈನ್ ರಮ್ಮಿಯಲ್ಲಿ ಹಣ ಕಳೆಯತೊಡಗಿದರೆ ಅದು ಬುದ್ಧಿ ಕೆಟ್ಟದ್ದಲ್ಲ, ಮಾತ್ರೆಯ ದುಷ್ಪರಿಣಾಮ ಇರಬಹುದು. ಪಾಸ್‌ಬುಕ್ ಮೇಲೆ ಕಣ್ಣಿಡಿ, ವೈದ್ಯರಿಗೆ ತಿಳಿಸಿ. ಬೈಯುವುದರಿಂದ ಹೋಗುವುದಿಲ್ಲ.

ಬ್ಯಾಂಕಿನ ಕೆಲಸಗಳನ್ನು ಕೈ ಬರೆಯುತ್ತಿರುವಾಗಲೇ ಮುಗಿಸಿಕೊಳ್ಳಿ. ಖಾತೆಯನ್ನು ಹೆಂಡತಿ ಅಥವಾ ಮಗನ ಜೊತೆ ‘ಐದರ್ ಆರ್ ಸರ್ವೈವರ್’ ಮಾಡಿಸಿ, ನಾಮಿನಿ ಹಾಕಿಸಿ. ಸಹಿ ಹಾಕಲಾರದ ಸ್ಥಿತಿ ಬಂದರೂ ಹಣ ಸಿಗುವುದಿಲ್ಲ ಎಂದೇನಿಲ್ಲ. ಹೆಬ್ಬೆಟ್ಟಿನ, ಅದಾಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತನ್ನೂ ಇಬ್ಬರು ಸಾಕ್ಷಿಗಳ ಎದುರು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಎಪ್ಪತ್ತು ದಾಟಿದವರಿಗೆ, ಅಂಗವೈಕಲ್ಯ ಇರುವವರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದು 2017ರ ನವೆಂಬರಿನಲ್ಲಿ ಸುತ್ತೋಲೆಯೂ ಬಂದಿದೆ. ಕೌಂಟರಿನಲ್ಲಿ ಇಲ್ಲ ಎಂದರೆ ಮ್ಯಾನೇಜರರ ಕೋಣೆಗೆ ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕರೆ ಲೋಕಲಿನ ಅಂಗವಿಕಲರ ಡಬ್ಬಿಯಿಂದ ಹಿಡಿದು ಅನೇಕ ಸೌಲಭ್ಯಗಳಿವೆ. ಹಳೆಯ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ತುಂಬುವವರಿಗೆ ಆದಾಯ ತೆರಿಗೆಯಲ್ಲಿ, ಹಿರಿಯ ನಾಗರಿಕರ ಚಿಕಿತ್ಸೆಯ ಖರ್ಚಿಗೆ 1 ಲಕ್ಷ ರೂಪಾಯಿವರೆಗೆ ಕಡಿತವೂ ಇದೆ. ಅಲ್ಲಿಯೂ 40 ಶೇಕಡಾದ ಷರತ್ತು ಇದೆ, ನರರೋಗ ತಜ್ಞರ ಚೀಟಿ ಬೇಕು.

ನಮ್ಮ ನಗರದ ಒಂದು ಭಾಗ್ಯವೆಂದರೆ ಇಲ್ಲಿ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಇರುವುದು. ಹೆಸರಾಂತ ನರರೋಗ ತಜ್ಞ ಡಾ. ಬಿ. ಎಸ್. ಸಿಂಘಾಲ್ 2001ರಲ್ಲಿ ಶುರು ಮಾಡಿದ ಸಂಸ್ಥೆ. ಬೇರೆ ಬೇರೆ ಬಡಾವಣೆಗಳಲ್ಲಿ ಗುಂಪುಗಳು ಸೇರಿ ವ್ಯಾಯಾಮ, ಮಾತಿನ ಅಭ್ಯಾಸ, ಆಟ, ಹಾಡು ಎಲ್ಲ ನಡೆಸುತ್ತವೆ. ರೋಗಿಗಳ ಜೊತೆ ನೋಡಿಕೊಳ್ಳುವವರಿಗೂ ಜಾಗ ಇದೆ. ಭಾವನವರು ಮೊದಲು ಹೋಗಲು ಒಪ್ಪಲಿಲ್ಲ, ‘ಅಲ್ಲಿ ನನಗಿಂತ ಕೆಟ್ಟವರನ್ನು ನೋಡಬೇಕಾಗುತ್ತದೆ’ ಎಂದರು. ಈಗ ಅದರ ದಿನ ಶರ್ಟಿಗೆ ಇಸ್ತ್ರಿ ಆಗಲೇಬೇಕು.

ಎಲ್ಲಕ್ಕಿಂತ ದುಬಾರಿಯಾದದ್ದು ಮನುಷ್ಯ. ಬ್ಯೂರೋದಿಂದ ಹನ್ನೆರಡು ಗಂಟೆಗೆ ಒಬ್ಬರನ್ನು ಇಟ್ಟುಕೊಂಡರೆ ಅಕ್ಕನ ಮನೆಯಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ ಆಗುತ್ತದೆ. ಮಾತ್ರೆಗೆ ಆಗುವುದು ಮೂರು ಸಾವಿರದ ಹತ್ತಿರ. ಹಾಗಾಗಿ ಬಹುಪಾಲು ಮನೆಗಳಲ್ಲಿ ಆ ಇಪ್ಪತ್ತು ಸಾವಿರದ ಕೆಲಸವನ್ನು ಹೆಂಡತಿಯೋ ಸೊಸೆಯೋ ಪಗಾರವಿಲ್ಲದೆ ಮಾಡುತ್ತಾಳೆ. ಯಾವ ಲೆಕ್ಕಪುಸ್ತಕದಲ್ಲೂ ಅದು ಬರುವುದಿಲ್ಲ. ವಿಕ್ರೋಲಿಯ ಮನೆಯಾಕೆ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಒಂದು ಖಾನಾವಳಿಯಲ್ಲಿ ಚಪಾತಿ ಲಟ್ಟಿಸುತ್ತಾರೆ. ಗಂಡನ ಹನ್ನೊಂದು ಗಂಟೆಯ ಮಾತ್ರೆ ಆ ಹೊತ್ತಿನಲ್ಲೇ ಬರುತ್ತದೆ. ಮಾತ್ರೆಯನ್ನು ಬಟ್ಟಲಿನಲ್ಲಿ ಇಟ್ಟು ಹೋಗುತ್ತಾರೆ, ಆದರೆ ಅದನ್ನು ಎತ್ತಿ ಬಾಯಿಗೆ ಹಾಕಲು ಬೇಕಾದ ಕೈ ಆ ಮಾತ್ರೆಯಿಂದಲೇ ಬರಬೇಕು. ಈಗ ಪಕ್ಕದ ಖೋಲಿಯ ಕಾಲೇಜು ಹುಡುಗನೊಬ್ಬ ಬಂದು ಕೊಡುತ್ತಾನೆ. ಅವನ ಪರೀಕ್ಷೆಯ ದಿನಗಳಲ್ಲಿ ಯಾರೂ ಇಲ್ಲ.

ಇದಕ್ಕಾಗಿ ನಿಧಿಯ ನಿಯಮದಲ್ಲಿ ಬದಲಾವಣೆಗೆ ಉಪಸಮಿತಿ ಶಿಫಾರಸು ಮಾಡಿದೆ, ಕಾರ್ಯಕಾರಿ ಸಮಿತಿ ಒಪ್ಪಿದೆ. ಪಾರ್ಕಿನ್ಸನ್ ಇರುವ ಕುಟುಂಬಕ್ಕೆ ಒಂದೇ ಗಂಟಿನ ನೆರವಿನ ಬದಲು ತಿಂಗಳಿಗೆ 3,000 ರೂಪಾಯಿ, ನೇರವಾಗಿ ಔಷಧಿ ಅಂಗಡಿಯ ಖಾತೆಗೆ. ಲೆವೊಡೋಪಾ-ಕಾರ್ಬಿಡೋಪಾ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಮಿತಿ ಇದೆ. ವೈದ್ಯರು ಒಪ್ಪಿದರೆ ಜನೌಷಧಿ ಕೇಂದ್ರದಿಂದ ತರಿಸಿ ಇನ್ನೂ ಉಳಿಸಬಹುದು. ಹೇಳದೆ ಕೇಳದೆ ಬ್ರಾಂಡ್ ಬದಲಿಸುವುದು ಮಾತ್ರ ಬೇಡ. ಸದ್ಯ ಮೂರು ಕುಟುಂಬ, ಅಂದರೆ ತಿಂಗಳಿಗೆ 9,000. ತಿಂಗಳಿಗೆ 500ರಂತೆ ಹದಿನೆಂಟು ಸದಸ್ಯರು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಸಾಕು. ಈ ತನಕ ಏಳು ಮಂದಿ ಕೊಟ್ಟಿದ್ದಾರೆ. ಎಫ್.ಡಿ. ಇಡುವ ಹಾಗೆ ಒಮ್ಮೆಲೇ ದೊಡ್ಡ ಮೊತ್ತ ಕೊಡುವ ದಾನಿಗಳು ನಮ್ಮಲ್ಲಿ ಇದ್ದಾರೆ, ಅವರಿಗೆ ವಂದನೆಗಳು. ಈ ಕೆಲಸಕ್ಕೆ ಬೇಕಾದದ್ದು ಆರ್.ಡಿ. ಮೊತ್ತ ಸಣ್ಣದಿರಲಿ, ಕಂತು ತಪ್ಪಬಾರದು. ಮಾತ್ರೆ ತಪ್ಪಿದರೆ ಆಗುವುದೇನು ಎಂದು ಮೇಲೆ ಬರೆದಿದ್ದೇನೆ.

ಹಣ ಕೊಡಲಾಗದವರು ಹೊತ್ತು ಕೊಡಬಹುದು. ವಾರಕ್ಕೊಮ್ಮೆ ಎರಡು ಗಂಟೆ ರೋಗಿಯ ಬಳಿ ಕುಳಿತು ಪತ್ರಿಕೆ ಓದಿಸಿದರೆ ಮನೆಯಾಕೆ ಬ್ಯಾಂಕಿಗೋ ದೇವಸ್ಥಾನಕ್ಕೋ ಹೋಗಿ ಬಂದಾಳು. ವಿಕ್ರೋಲಿ, ಡೊಂಬಿವಲಿ, ಮೀರಾ ರೋಡಿನ ಆಸುಪಾಸಿನ ಸದಸ್ಯರು ಕಚೇರಿಗೆ ಹೆಸರು ಕೊಡಿ. ವಿಕ್ರೋಲಿಯವರಿಗೆ ಹನ್ನೊಂದರ ಹೊತ್ತು ಎಂಬುದು ನೆನಪಿರಲಿ. ನಿಮ್ಮ ಮನೆಯ ಮಾಳಿಗೆಯ ಮೇಲೆ ತಂದೆಯದೋ ಅತ್ತೆಯದೋ ವಾಕರ್, ಕಮೋಡ್ ಕುರ್ಚಿ, ಗಾಲಿಕುರ್ಚಿ ಧೂಳು ಹಿಡಿಯುತ್ತಿದ್ದರೆ ಅವನ್ನೂ ಕಳಿಸಿ. ಕೆಳಗಿನ ರಬ್ಬರ್ ಬುಷ್ ಸವೆದಿದ್ದರೆ ನಾವೇ ಹಾಕಿಸಿಕೊಳ್ಳುತ್ತೇವೆ.